ಬಾಗಿಲಿಲ್ಲದ ಚೌಕಟ್ಟು

2014ರ ಜುಲೈಯಲ್ಲಿ ಜರ್ಮನಿಯ ಸಂಸದರೊಬ್ಬರು ಬೆಳಗಿನ ಟಿ.ವಿ. ಕಾರ್ಯಕ್ರಮಕ್ಕೆ ಬಂದಿದ್ದರು. ಹೆಸರು ಪ್ಯಾಟ್ರಿಕ್ ಜೆನ್ಸ್‌ಬುರ್ಗ್. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ತಮ್ಮ ದೇಶದಲ್ಲಿ ಏನೇನು ಕದ್ದು ಕೇಳಿದೆ ಎಂದು ತನಿಖೆ ಮಾಡುವ ಸಂಸದೀಯ ಸಮಿತಿಯ ಅಧ್ಯಕ್ಷರು. ಗುಟ್ಟಿನ ಕಾಗದಪತ್ರಗಳಿಗೆ ಬೆರಳಚ್ಚು ಯಂತ್ರ ಬಳಸುವ ಯೋಚನೆಯೇನಾದರೂ ಇದೆಯೇ ಎಂದು ಕೇಳಿದರೆ, ಇದೆ, ಅದೂ ಎಲೆಕ್ಟ್ರಾನಿಕ್ ಅಲ್ಲದ್ದು ಎಂದರು. ತಮಾಷೆ ಮಾಡುತ್ತಿಲ್ಲ ಎಂದೂ ಸೇರಿಸಿದರು. ಆ ಎಚ್ಚರಿಕೆ ಮೆಚ್ಚತಕ್ಕದ್ದೇ. ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯ ಐಬಿಎಂ ಬೆರಳಚ್ಚು ಯಂತ್ರಗಳೊಳಗೆ ಸೋವಿಯತ್ತಿನವರು ಕದ್ದಾಲಿಕೆ ಸಾಧನ ಹುದುಗಿಸಿದ್ದು 1984ರಲ್ಲಿ ಪತ್ತೆಯಾಗಿತ್ತು.

ಆಗ ಎಲ್ಲರೂ ನಕ್ಕರು. ಇಡೀ ಯುರೋಪಿನಲ್ಲಿ ಆಡಿದಂತೆ ಮಾಡಲು ಹೊರಟವರು ಅವರೊಬ್ಬರೇ ಎಂದು ನನಗೆ ಈಗ ಅನಿಸುತ್ತದೆ. ಉಳಿದವರೆಲ್ಲ ಅಮೆರಿಕದ ಕಂಪನಿಗಳನ್ನು ನಂಬಬಾರದು ಎಂಬ ಟಿಪ್ಪಣಿಯನ್ನು ಅಮೆರಿಕದ ತಂತ್ರಾಂಶದಲ್ಲೇ ಬರೆದು, ಅಮೆರಿಕದ ಕ್ಲೌಡಿನಲ್ಲೇ ಭದ್ರವಾಗಿ ಇಟ್ಟು ಮನೆಗೆ ಹೋದರು.

ಯುರೋಪಿನ ಸಿಟ್ಟಿಗೆ ಕಾರಣವೇನೋ ಗಟ್ಟಿಯಾಗಿಯೇ ಇದೆ. ಅಮೆರಿಕದ ಬೇಹುಗಾರಿಕೆ ಕಾಯ್ದೆಯಲ್ಲಿ 702 ಎಂಬ ಕಲಮಿದೆ. ಹೊರದೇಶದಲ್ಲಿರುವ, ಅಮೆರಿಕನ್ನರಲ್ಲದವರ ಇಮೇಲು, ಸಂದೇಶಗಳನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ವಾರಂಟ್ ಇಲ್ಲದೆಯೇ ಕಂಪನಿಗಳಿಂದ ತರಿಸಿಕೊಳ್ಳಲು ಅದು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. 2013ರಲ್ಲಿ ಎನ್‌ಎಸ್‌ಎಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡೆನ್ ಈ ಕದ್ದಾಲಿಕೆಯ ಗುಟ್ಟು ರಟ್ಟು ಮಾಡಿದ ಮೇಲೆ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ ಫೇಸ್‌ಬುಕ್ ವಿರುದ್ಧ ದೂರು ಕೊಟ್ಟರು. ಯುರೋಪಿನ ಮಾಹಿತಿ ಅಮೆರಿಕಕ್ಕೆ ಹೋಗಲು ಆಗ ಇದ್ದ ಒಪ್ಪಂದದ ಹೆಸರು 'ಸೇಫ್ ಹಾರ್ಬರ್', ಸುರಕ್ಷಿತ ಬಂದರು. 2015ರಲ್ಲಿ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ ಬಂದರನ್ನು ಮುಳುಗಿಸಿತು. ಮರುವರ್ಷವೇ 'ಪ್ರೈವಸಿ ಶೀಲ್ಡ್' ಬಂತು. 2020ರಲ್ಲಿ ಆ ಗುರಾಣಿಯೂ ಮುರಿಯಿತು. 2023ರಲ್ಲಿ ಮೂರನೆಯದು, 'ಡೇಟಾ ಪ್ರೈವಸಿ ಫ್ರೇಮ್‌ವರ್ಕ್'. ಬಂದರು ಹೋಯಿತು, ಗುರಾಣಿ ಹೋಯಿತು, ಈಗ ಉಳಿದದ್ದು ಚೌಕಟ್ಟು. ಹೆಸರಿಡುವವರಿಗೆ ವರ್ಷ ಕಳೆದಂತೆ ಸತ್ಯ ಹೇಳುವ ಧೈರ್ಯ ಬರುತ್ತಿರಬೇಕು, ಬಾಗಿಲು ಕೂರಿಸಿದ್ದೇವೆ ಎಂದು ಈ ಸಲ ಅವರು ಹೇಳಿಕೊಂಡಿಲ್ಲ. ಅತ್ತ 702ಕ್ಕೆ ಅಮೆರಿಕದ ಸಂಸತ್ತು 2024ರಲ್ಲಿ ಮತ್ತೆರಡು ವರ್ಷ ಆಯುಸ್ಸು ಕೊಟ್ಟಿತು. ಅಳಿಯ ಅಲ್ಲ, ಮಗಳ ಗಂಡ.

ಸುಮ್ಮನೆ ದೂರಬಾರದು. ಈ ಸಲ ಯುರೋಪಿನವರ ಅಹವಾಲು ಕೇಳಲೆಂದು ವಾಷಿಂಗ್ಟನ್‌ನಲ್ಲಿ ಒಂದು 'ಕೋರ್ಟು' ತೆರೆದಿದ್ದಾರೆ. ಅದು ನ್ಯಾಯಾಂಗಕ್ಕೆ ಸೇರಿದ್ದಲ್ಲ, ಸರ್ಕಾರದ ಕಾನೂನು ಇಲಾಖೆಯೇ ಕಟ್ಟಿದ್ದು. ದೂರುದಾರರು ಅಲ್ಲಿಗೆ ಹೋಗುವಂತಿಲ್ಲ. ಅವರ ಹಿತ ನೋಡಿಕೊಳ್ಳಲು ಕೋರ್ಟೇ ಒಬ್ಬ ವಕೀಲರನ್ನು ಆರಿಸುತ್ತದೆ, ಆದರೆ ಈ ವಕೀಲರು ದೂರುದಾರರ ವಕೀಲರಲ್ಲ ಎಂದು ನಿಯಮದಲ್ಲೇ ಬರೆದಿದೆ. ಕಡೆಗೆ ಬರುವ ಉತ್ತರವೂ ಮೊದಲೇ ಸಿದ್ಧ. ನಿಮ್ಮ ಮೇಲೆ ಕಣ್ಣಿಟ್ಟಿದ್ದೆವೋ ಇಲ್ಲವೋ ಹೇಳುವುದಿಲ್ಲ. ವಿಚಾರಣೆಯಲ್ಲಿ ಒಂದೋ ಯಾವ ಉಲ್ಲಂಘನೆಯೂ ಕಂಡುಬಂದಿಲ್ಲ, ಇಲ್ಲವೇ ಕಂಡುಬಂದದ್ದನ್ನು ಸರಿಪಡಿಸಲು ಆದೇಶಿಸಲಾಗಿದೆ. ಗೆದ್ದವನಿಗೂ ಇದೇ ಕಾಗದ, ಸೋತವನಿಗೂ ಇದೇ ಕಾಗದ. 'ಸೂಕ್ತ ಕ್ರಮ ಜರುಗಿಸಲಾಗಿದೆ' ಎಂಬ ಒಂದೇ ಸಾಲಿನಲ್ಲಿ ಅರ್ಜಿಗಳನ್ನು ವಿಲೇವಾರಿ ಮಾಡಿ ಜೀವ ಸವೆಸಿದ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು ಇದನ್ನು ಓದಿದರೆ ಆನಂದಬಾಷ್ಪ ಸುರಿಸಿಯಾರು.

ಸ್ವಂತ ಕ್ಲೌಡ್ ಕಟ್ಟುವ ಪ್ರಯತ್ನವೂ ಆಗಿದೆ. ಅಮೆರಿಕದ ಹಂಗು ಬೇಡವೆಂದು 2019ರಲ್ಲಿ ಜರ್ಮನಿ, ಫ್ರಾನ್ಸ್ ಸೇರಿ 'ಗಾಯಾ-ಎಕ್ಸ್' ಯೋಜನೆಯನ್ನು ಘೋಷಿಸಿದವು. ಒಂದೆರಡು ವರ್ಷಗಳಲ್ಲೇ ಸದಸ್ಯರ ಪಟ್ಟಿಯಲ್ಲಿ ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಕಂಡವು. ಹುಟ್ಟಿದ ಹೊಸದರಲ್ಲಿ ಸಿಐಎಯ ಹೂಡಿಕೆ ಸಂಸ್ಥೆಯಿಂದ ಹಣ ಪಡೆದಿದ್ದ ಪಲಾಂಟಿರ್ ಎಂಬ ಕಂಪನಿ ಕೂಡ. ಬೇಲಿ ಹಾಕುವ ಸಭೆಗೆ ಮೇಯಲು ಬರುವ ದನಗಳನ್ನೇ ಕರೆದಿದ್ದರು.

ಇನ್ನು ಗೆಳೆಯರ ಮೇಲಿನ ಬೇಹುಗಾರಿಕೆ. ತನ್ನ ಮೊಬೈಲಿಗೇ ಎನ್‌ಎಸ್‌ಎ ಕಿವಿಗೊಟ್ಟಿದೆ ಎಂಬ ಸುದ್ದಿ ಬಂದಾಗ, ಗೆಳೆಯರ ನಡುವೆ ಇದು ಸಲ್ಲದು ಎಂದು ಜರ್ಮನಿಯ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಗದರಿಸಿದ್ದು 2013ರ ಅಕ್ಟೋಬರಿನಲ್ಲಿ. ಜರ್ಮನಿಯ ಬೇಹುಗಾರಿಕೆ ಸಂಸ್ಥೆಯೂ ಗೆಳೆಯ ದೇಶಗಳ ಕದ್ದಾಲಿಕೆಯಲ್ಲಿ ತೊಡಗಿತ್ತು ಎಂಬುದು ಹೊರಬಿದ್ದದ್ದು 2015ರಲ್ಲಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಗೋಪ್ಯತೆಯ ಕಾನೂನಿನ ತವರುಮನೆಯಾದ, ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗದ ಕಥೆ ಇನ್ನೂ ರುಚಿಕರ. ಆಯೋಗ ಮೈಕ್ರೋಸಾಫ್ಟ್ 365 ಬಳಸುವ ರೀತಿ ಕಾನೂನಿಗೆ ವಿರುದ್ಧ ಎಂದು ಯುರೋಪಿನದೇ ಮಾಹಿತಿ ರಕ್ಷಣಾ ಅಧಿಕಾರಿ 2024ರ ಮಾರ್ಚಿನಲ್ಲಿ ತೀರ್ಪಿತ್ತರು. ಮರುವರ್ಷ ಷರತ್ತುಗಳನ್ನು ತಿದ್ದಿಸಿ ಕಡತ ಮುಚ್ಚಿದರು, ತಂತ್ರಾಂಶ ಅದೇ. ಈ ನಡುವೆ, 2025ರ ಜನವರಿಯಲ್ಲಿ, ಆಯೋಗ ಜರ್ಮನಿಯ ಒಬ್ಬ ಪ್ರಜೆಗೆ 400 ಯೂರೋ ಪರಿಹಾರ ಕೊಡಬೇಕಾಯಿತು. ಯುರೋಪಿನ ಭವಿಷ್ಯವನ್ನು ಚರ್ಚಿಸುವ ಸಮ್ಮೇಳನದ ತಾಣದಲ್ಲಿ ಕಾರ್ಯಕ್ರಮವೊಂದಕ್ಕೆ ಹೆಸರು ನೋಂದಾಯಿಸಲು ಹೋದ ಆತನಿಗೆ ಆಯೋಗದ ಜಾಲತಾಣ 'ಫೇಸ್‌ಬುಕ್ ಮೂಲಕ ಒಳಬನ್ನಿ' ಎಂದಿತ್ತು. ಆತ ಒತ್ತಿದ. ಐಪಿ ವಿಳಾಸ ಅಮೆರಿಕಕ್ಕೆ ಹೋಯಿತು.

2025ರ ಜೂನಿನಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿಯೊಂದು ಮೈಕ್ರೋಸಾಫ್ಟ್ ಫ್ರಾನ್ಸಿನ ಅಧಿಕಾರಿಯನ್ನು ಕರೆಸಿ ಪ್ರಮಾಣ ಮಾಡಿಸಿತು. ಫ್ರಾನ್ಸ್ ಒಪ್ಪದೆ ನಮ್ಮ ಪ್ರಜೆಗಳ ಮಾಹಿತಿ ಅಮೆರಿಕದ ಸರ್ಕಾರಕ್ಕೆ ಹೋಗುವುದಿಲ್ಲವೆಂದು ಖಾತರಿ ಕೊಡುತ್ತೀರಾ ಎಂದು ಕೇಳಿತು. ಇಲ್ಲ, ಕೊಡಲಾರೆ ಎಂದರು ಆತ. ಹಾಗೆ ಇದುವರೆಗೆ ಆಗಿಲ್ಲ ಎಂದೂ ಹೇಳಿದರು. ಈ ಹನ್ನೆರಡು ವರ್ಷಗಳ ಪುರಾಣದಲ್ಲಿ ನೇರವಾಗಿ ಮಾತನಾಡಿದವರೆಂದು ನಾನು ಅವರಿಗೇ ಅಂಕ ಕೊಡುತ್ತೇನೆ.

ಅದೇ ವರ್ಷದ ಜನವರಿಯಲ್ಲಿ ಟ್ರಂಪ್, ಅಮೆರಿಕದ ಬೇಹುಗಾರಿಕೆಯ ಮೇಲೆ ಕಣ್ಣಿಡುವ ಸ್ವತಂತ್ರ ಮಂಡಳಿಯಿಂದ ಮೂವರನ್ನು ಕಿತ್ತುಹಾಕಿದರು. ಹೊಸ ಚೌಕಟ್ಟಿನ ಕಾವಲುಗಾರರೆಂದು ಯುರೋಪ್ ನಂಬಿಕೊಂಡಿದ್ದ ಮಂಡಳಿಯದು. ಐದು ಕುರ್ಚಿಗಳಲ್ಲಿ ಒಂದರಲ್ಲಿ ಮಾತ್ರ ಸದಸ್ಯರು ಉಳಿದರು, ಕೋರಂ ಹೋಯಿತು. ಚೌಕಟ್ಟನ್ನು ರದ್ದು ಮಾಡಿ ಎಂದು ಫ್ರಾನ್ಸಿನ ಸಂಸದ ಫಿಲಿಪ್ ಲಾಟೊಂಬ್ ಹೂಡಿದ್ದ ಮೊಕದ್ದಮೆಯನ್ನು ಸೆಪ್ಟೆಂಬರಿನಲ್ಲಿ ಲಕ್ಸೆಂಬರ್ಗಿನ ಜನರಲ್ ಕೋರ್ಟು ವಜಾ ಮಾಡಿತು. ನೋಡಬೇಕಾದ್ದು 2023ರ ಜುಲೈಯಲ್ಲಿ, ಚೌಕಟ್ಟಿಗೆ ಆಯೋಗ ಒಪ್ಪಿಗೆ ಕೊಟ್ಟ ದಿನ, ಪರಿಸ್ಥಿತಿ ಹೇಗಿತ್ತು ಎಂಬುದನ್ನಂತೆ. ಆ ದಿನ ಕಾವಲುಗಾರರು ಇದ್ದರು. ಹಾಜರಿ ಪುಸ್ತಕದಲ್ಲಿ ಸಹಿಯೂ ಸರಿಯಾಗಿದೆ.