1773ರ ಬೋಸ್ಟನ್ನಿನಲ್ಲಿ ಚಹಾ ಒಂದೇ ಇರಲಿಲ್ಲ

ನಿನ್ನೆ ರಾತ್ರಿ ತಂಗಿಯ ಮಗಳು ಪರೀಕ್ಷೆಗೆ ಓದುತ್ತಾ ಯೂಟ್ಯೂಬ್‌ನಲ್ಲಿ ಕೋಚಿಂಗ್ ಪಾಠ ಹಾಕಿಕೊಂಡಿದ್ದಳು. ಅಮೆರಿಕದ ಕ್ರಾಂತಿಯ ಪಾಠ. ನಾನು ಪಕ್ಕದಲ್ಲೇ ಸೊಪ್ಪು ಸೋಸುತ್ತಾ ಕೂತಿದ್ದೆ. ಕಿವಿ ತಾನಾಗಿ ಅತ್ತ ಹೋಯಿತು. ಬ್ರಿಟಿಷರು ಚಹಾದ ಮೇಲೆ ಸಿಕ್ಕಾಪಟ್ಟೆ ತೆರಿಗೆ ಹಾಕಿದರಂತೆ, ಬೆಲೆ ಏರಿತಂತೆ, ಜನ ಸಿಟ್ಟಿಗೆದ್ದು ಸಮುದ್ರಕ್ಕೆ ಎಸೆದರಂತೆ. ಆಮೇಲೆ ವಾಷಿಂಗ್ಟನ್, 1776, ಸ್ವಾತಂತ್ರ್ಯ. ಅಲ್ಲಿಂದ ಒಂದೇ ನೆಗೆತ, 1863, ಲಿಂಕನ್, ಗುಲಾಮರಿಗೆ ಬಿಡುಗಡೆ. ಪಾಠ ಮುಗಿಯಿತು.

ನಡುವಿನ 87 ವರ್ಷ ಎಲ್ಲಿ ಹೋಯಿತು? ಅಷ್ಟು ವರ್ಷ ಗುಲಾಮರು ಬಾಯಿ ಮುಚ್ಚಿಕೊಂಡು ಲಿಂಕನ್ ಬರಲಿ ಅಂತ ಕಾಯುತ್ತಾ ಕೂತಿದ್ದರಾ? ಹೈಸ್ಕೂಲಿನಲ್ಲಿ ಇದೇ ಪಾಠ ಮಾಡಿ ನಿವೃತ್ತಳಾದವಳು ನಾನು, ನಿಮಗೆಲ್ಲ ಗೊತ್ತು. ಅದಕ್ಕೇ ತಡೆಯಲಾಗಲಿಲ್ಲ.

ಮೊದಲು ಚಹಾ ವಿಷಯ ಮುಗಿಸಿಬಿಡುತ್ತೇನೆ. 1773ರ ಚಹಾ ಕಾಯ್ದೆಯಿಂದ ಚಹಾ ದುಬಾರಿ ಆಗಲಿಲ್ಲ, ಅಗ್ಗ ಆಯಿತು. ಸಾಲದಲ್ಲಿ ಮುಳುಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಉಳಿಸಲು ಲಂಡನ್ನಿನವರು ಮಾಡಿದ ಕಾಯ್ದೆ ಅದು. ಬಂಗಾಳವನ್ನು ಹಿಂಡಿದ ಅದೇ ಕಂಪನಿ. ಗೋದಾಮಿನಲ್ಲಿ ಮಾರಾಟವಾಗದೆ ಬಿದ್ದಿದ್ದ ಚೀನಾದ ಚಹಾವನ್ನು ನೇರವಾಗಿ ಅಮೆರಿಕಕ್ಕೆ ಕಳಿಸಲು ಅನುಮತಿ ಕೊಟ್ಟರು. ಕಳ್ಳಸಾಗಣೆಯ ಡಚ್ ಚಹಾಕ್ಕಿಂತ ಕಡಿಮೆ ಬೆಲೆಗೆ ಅದನ್ನು ಮಾರಬಹುದಿತ್ತು. ಆದರೆ ಪೌಂಡಿಗೆ 3 ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಸಿದರು. ಜನ ಸಿಟ್ಟಾಗಿದ್ದು ಅದಕ್ಕೆ. ನಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದ ಪಾರ್ಲಿಮೆಂಟು ನಮ್ಮ ಮೇಲೆ ತೆರಿಗೆ ಹಾಕಲು ಯಾರು ಅಂತ. ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ಡಾರ್ಟ್‌ಮತ್, ಎಲಿನೋರ್, ಬೀವರ್ ಎಂಬ ಮೂರು ಹಡಗು ಹತ್ತಿ 342 ಪೆಟ್ಟಿಗೆ ಒಡೆದು ಚಹಾವನ್ನು ನೀರಿಗೆ ಸುರಿದರು.

ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನನ್ನ ಸಿಟ್ಟು ಬೇರೆ ಕಡೆ ಇದೆ.

ಅದೇ 1773. ಅದೇ ಬೋಸ್ಟನ್. ಚಹಾ ನೀರಿಗೆ ಬೀಳುವುದಕ್ಕೆ ಹನ್ನೊಂದು ತಿಂಗಳ ಮುಂಚೆ, ಜನವರಿಯಲ್ಲಿ, ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಗವರ್ನರ್ ಮತ್ತು ಶಾಸನಸಭೆಗೆ ಒಂದು ಅರ್ಜಿ ಬಂತು. ಕೆಳಗೆ ಫೀಲಿಕ್ಸ್ ಅಂತ ಒಂದೇ ಹೆಸರು. ಬರೆಸಿದವರು ಗುಲಾಮರು. ನಮಗೆ ಆಸ್ತಿ ಇಲ್ಲ, ಹೆಂಡತಿ ಇಲ್ಲ, ಮಕ್ಕಳಿಲ್ಲ, ಊರಿಲ್ಲ, ದೇಶವಿಲ್ಲ ಅಂತ ಅದರಲ್ಲಿದೆ. ಮದುವೆ ಆದವರು, ಮಕ್ಕಳನ್ನು ಹೆತ್ತವರು ಬರೆದ ಮಾತು ಇದು. ಕಟ್ಟಿಕೊಂಡವಳನ್ನೂ ಹುಟ್ಟಿದ ಮಗುವನ್ನೂ ಒಡೆಯ ಯಾವಾಗ ಬೇಕಾದರೂ ಮಾರಬಹುದಿತ್ತು. ಈ ಸಾಲು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಏಪ್ರಿಲ್‌ನಲ್ಲಿ ಇನ್ನೊಂದು ಪತ್ರ. ಈ ಸಲ ನಾಲ್ಕು ಹೆಸರು: ಪೀಟರ್ ಬೆಸ್ಟಿಸ್, ಸ್ಯಾಂಬೋ ಫ್ರೀಮನ್, ಫೀಲಿಕ್ಸ್ ಹೋಲ್‌ಬ್ರೂಕ್, ಚೆಸ್ಟರ್ ಜಾಯ್. ಅಚ್ಚು ಹಾಕಿಸಿ ಊರೂರಿನ ಪ್ರತಿನಿಧಿಗಳಿಗೆ ಕಳಿಸಿದರು. ನಿಮ್ಮನ್ನು ಗುಲಾಮರನ್ನಾಗಿ ಮಾಡಲು ಹೊರಟವರ ವಿರುದ್ಧ ಇಷ್ಟು ಗಟ್ಟಿಯಾಗಿ ನಿಂತವರು ನೀವು, ನಿಮ್ಮಿಂದ ನಾವು ದೊಡ್ಡದನ್ನೇ ನಿರೀಕ್ಷಿಸುತ್ತೇವೆ ಅಂತ ಬರೆದರು. ಎಂಥಾ ಮಾತು ನೋಡಿ. ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಬೀದಿಯಲ್ಲಿ ಕೂಗುತ್ತಿದ್ದವರ ಮುಂದೆ ಅವರದೇ ಮಾತನ್ನು ತಂದಿಟ್ಟರು. ಕೇಳಿದ್ದಾದರೂ ಎಷ್ಟು? ವಾರಕ್ಕೆ ಒಂದು ದಿನ ನಮಗಾಗಿ ದುಡಿಯಲು ಬಿಡಿ, ಆ ಹಣದಿಂದ ನಮ್ಮನ್ನು ನಾವೇ ಕೊಂಡುಕೊಳ್ಳುತ್ತೇವೆ ಅಂತ. ಅದಕ್ಕೂ ಕಾನೂನು ಆಗಲಿಲ್ಲ. 1777ರಲ್ಲಿ ಬೋಸ್ಟನ್ನಿನ ಕಪ್ಪು ಜನರ ಮುಂದಾಳು ಪ್ರಿನ್ಸ್ ಹಾಲ್ ಮತ್ತು ಸಂಗಡಿಗರು ಮತ್ತೆ ಅರ್ಜಿ ಹಾಕಿದರು. ಅಷ್ಟು ಹೊತ್ತಿಗೆ ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಹೊರಟು ಆರು ತಿಂಗಳಾಗಿತ್ತು.

ಇದರಲ್ಲಿ ಒಂದೇ ಒಂದು ಹೆಸರೂ ಪಾಠದಲ್ಲಿಲ್ಲ. ಪೆಟ್ಟಿಗೆಗಳ ಲೆಕ್ಕ ಮಾತ್ರ ಇದೆ.

ಬೆಟ್ ಎಂಬ ಹೆಂಗಸಿನ ಕತೆ ಹೇಳದೆ ನನಗೆ ಸಮಾಧಾನ ಆಗುವುದಿಲ್ಲ. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಅಂಚಿನಲ್ಲಿ ಶೆಫೀಲ್ಡ್ ಅಂತ ಊರು. ಅಲ್ಲಿಯ ದೊಡ್ಡ ಮನುಷ್ಯ ಕರ್ನಲ್ ಜಾನ್ ಆಶ್ಲಿ. ಅವನ ಮನೆಯಲ್ಲಿ ಗುಲಾಮಳಾಗಿದ್ದವಳು ಬೆಟ್. ಮತ್ತೆ ಅದೇ 1773ರ ಜನವರಿ. ಊರಿನ ಗಂಡಸರು ಆಶ್ಲಿ ಮನೆಯಲ್ಲಿ ಕೂತು ಬ್ರಿಟಿಷರ ವಿರುದ್ಧ ಠರಾವು ಬರೆದರು. ಮನುಷ್ಯರು ಸಹಜವಾಗಿ ಸಮಾನರು, ಸ್ವತಂತ್ರರು ಅಂತ ಅದರ ಮೊದಲಲ್ಲೇ ಇದೆ. ಆ ಸಮಿತಿಯಲ್ಲಿ ಥಿಯೋಡೋರ್ ಸೆಜ್‌ವಿಕ್ ಎಂಬ ತರುಣ ವಕೀಲನೂ ಇದ್ದ.

ಒಂದು ದಿನ ಮನೆಯೊಡತಿ ಅಡುಗೆಮನೆಯಲ್ಲಿ ಬೆಂಕಿಯಲ್ಲಿ ಕಾದಿದ್ದ ಸಲಿಕೆ ಎತ್ತಿ ಬೆಟ್ಟಳ ತಂಗಿಯ ಮೇಲೆ ಬೀಸಿದಳು. ಬೆಟ್ ಅಡ್ಡ ಬಂದಳು. ಏಟು ತೋಳಿಗೆ ಬಿತ್ತು. ಗಾಯ ಮಾಯ್ದರೂ ಗುರುತು ಉಳಿಯಿತು. ಬೆಟ್ ಅದನ್ನು ಮುಚ್ಚಲಿಲ್ಲ. ಬಂದವರು ತೋಳಿಗೆ ಏನಾಯಿತು ಅಂತ ಕೇಳಿದರೆ, ಅಮ್ಮಾವ್ರನ್ನೇ ಕೇಳಿ ಅನ್ನುತ್ತಿದ್ದಳಂತೆ.

1780ರಲ್ಲಿ ಮ್ಯಾಸಚೂಸೆಟ್ಸ್ ತನ್ನ ಸಂವಿಧಾನ ಬರೆದುಕೊಂಡಿತು. ಎಲ್ಲ ಮನುಷ್ಯರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟಿದ್ದಾರೆ ಅಂತ ಅದರಲ್ಲೂ ಸೇರಿಸಿದರು. ಬೆಟ್ ನೇರ ಸೆಜ್‌ವಿಕ್ ಬಳಿ ಹೋದಳು. ಕಾನೂನು ನನಗೂ ಅನ್ವಯಿಸುತ್ತದೆ ತಾನೇ ಅಂತ ಕೇಳಿದಳು. ಸೆಜ್‌ವಿಕ್ ಕೇಸು ಹಾಕಿದ, ಅದೇ ಮನೆಯ ಬ್ರಾಮ್ ಎಂಬ ಗುಲಾಮನ ಹೆಸರನ್ನೂ ಸೇರಿಸಿ. 1781ರ ಆಗಸ್ಟಿನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಕೋರ್ಟಿನಲ್ಲಿ ಜ್ಯೂರಿ ಇಬ್ಬರಿಗೂ ಬಿಡುಗಡೆ ಅಂದಿತು, ಮೇಲೆ 30 ಶಿಲಿಂಗ್ ಪರಿಹಾರ. ಸಂಬಳ ಕೊಡುತ್ತೇನೆ, ವಾಪಸ್ ಬಾ ಅಂತ ಆಶ್ಲಿ ಕರೆದ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ಎಲಿಜಬೆತ್ ಫ್ರೀಮನ್ ಅಂತ ಹೆಸರು ಇಟ್ಟುಕೊಂಡು ಬಾಳಿದಳು. ಒಂದೆರಡು ವರ್ಷದಲ್ಲಿ ಕ್ವಾಕ್ ವಾಕರ್ ಎಂಬ ಇನ್ನೊಬ್ಬ ಗುಲಾಮನ ಕೇಸೂ ಗೆದ್ದಿತು. 1790ರ ಜನಗಣತಿ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಲೆಕ್ಕದಲ್ಲಿ ಗುಲಾಮರ ಸಂಖ್ಯೆ ಸೊನ್ನೆ.

ಅಕ್ಷರ ಬಾರದ ಹೆಂಗಸು ಸಂವಿಧಾನದ ಒಂದು ಸಾಲು ಹಿಡಿದು ಊರಿನ ದೊಡ್ಡ ಕುಳವನ್ನು ಕೋರ್ಟಿಗೆ ಎಳೆದು ಗೆದ್ದಳು. ಅಂಥವಳನ್ನು ಬಿಟ್ಟು ಅಮೆರಿಕದ ಕ್ರಾಂತಿ ಹೇಳಿಕೊಡುವುದು ಹೇಗೆ?

ತಂಗಿಯ ಮಗಳ ವಾದ ಬೇರೆ. "ದೊಡ್ಡಮ್ಮ, ಅರ್ಜಿ ಬರೆದು ಗುಲಾಮಗಿರಿ ಹೋಗಲಿಲ್ಲ. ಯುದ್ಧ ಆಗಿಯೇ ಹೋಗಿದ್ದು. ಅದಕ್ಕೇ ಪಾಠದಲ್ಲಿ ಯುದ್ಧ ಇದೆ" ಅಂದಳು. ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಆಯಿತು, ನಿಜ. ದಕ್ಷಿಣದಲ್ಲಿ ಹತ್ತಿ ಬೆಳೆದಂತೆ ಗುಲಾಮಗಿರಿಯೂ ಬೆಳೆಯಿತು, ಅದೂ ನಿಜ. ಆದರೆ ಅರ್ಜಿಗೆ ಬೆಲೆಯೇ ಇಲ್ಲದಿದ್ದರೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅಷ್ಟು ಹೆದರಿದ್ದು ಯಾಕೆ? 1830ರ ದಶಕದಲ್ಲಿ ಗುಲಾಮಗಿರಿ ವಿರೋಧಿ ಸಂಘಗಳ ಹೆಂಗಸರು ಮನೆಮನೆ ಬಾಗಿಲು ತಟ್ಟಿ ಸಹಿ ತಂದರು. ಓಟಿಲ್ಲದ ಅವರ ಕೈಲಿ ಇದ್ದದ್ದು ಅರ್ಜಿ ಒಂದೇ. ಅರ್ಜಿಗಳ ರಾಶಿ ನೋಡಿ ಕೆಳಸದನ 1836ರಲ್ಲಿ ನಿಯಮವೇ ಮಾಡಿತು, ಗುಲಾಮಗಿರಿ ಕುರಿತ ಅರ್ಜಿಯನ್ನು ಚರ್ಚೆಗೆ ತೆಗೆದುಕೊಳ್ಳದೆ ಬದಿಗೆ ಇಡಬೇಕು ಅಂತ. ದೇಶದ ಅಧ್ಯಕ್ಷನಾಗಿದ್ದು ಕೆಳಗಿಳಿದ ಮೇಲೆ ಸಾಮಾನ್ಯ ಸದಸ್ಯನಾಗಿ ಬಂದ ಜಾನ್ ಕ್ವಿನ್ಸಿ ಆಡಮ್ಸ್ ಎಂಬ ಮುದುಕ ಬೈಗುಳ ತಿಂದರೂ ಬಿಡದೆ ಅರ್ಜಿ ತಂದು ತಂದು ಮಂಡಿಸಿದ. 1844ರಲ್ಲಿ ಆ ನಿಯಮ ಬಿತ್ತು. ಎಂಟು ವರ್ಷ! ಬೆಲೆಯಿಲ್ಲದ ಕಾಗದಕ್ಕೆ ಯಾರಾದರೂ ಎಂಟು ವರ್ಷ ಬಾಗಿಲು ಹಾಕುತ್ತಾರಾ?

ಆಂಜೆಲಿನಾ ಗ್ರಿಮ್ಕೆ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಗುಲಾಮರನ್ನಿಟ್ಟುಕೊಂಡ ನ್ಯಾಯಾಧೀಶರ ಮಗಳು. ಆ ಮನೆ ಬಿಟ್ಟು ಉತ್ತರಕ್ಕೆ ಬಂದಳು. 1838ರ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿ ಮುಂದೆ ನಿಂತು ಗುಲಾಮಗಿರಿ ವಿರುದ್ಧ ಮಾತಾಡಿದಳು. ಅಮೆರಿಕದ ಶಾಸನಸಭೆಯೊಂದರ ಮುಂದೆ ಹೆಣ್ಣುಮಗಳು ಮಾತಾಡಿದ್ದು ಅದೇ ಮೊದಲು. ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಹೊಚ್ಚ ಹೊಸ ಪೆನ್ಸಿಲ್ವೇನಿಯಾ ಹಾಲ್‌ನಲ್ಲಿ ಅವಳ ಭಾಷಣ. ಹೊರಗೆ ಗುಂಪು, ಕಿಟಕಿಗೆ ಕಲ್ಲು, ಗಾಜು ಒಡೆಯುವ ಸದ್ದು. ಅವಳು ನಿಲ್ಲಿಸಲಿಲ್ಲ. ಎಲ್ಲ ಕಿಟಕಿ ಒಡೆದರೇನು, ಈ ಕಟ್ಟಡವನ್ನೇ ನೆಲಸಮ ಮಾಡಿದರೇನು, ನಾವು ಹೇಳಿದ್ದು ತಪ್ಪು ಅನ್ನುವುದಕ್ಕೆ ಅದು ಸಾಕ್ಷಿಯಾ ಅಂತ ಕೇಳಿದಳು. ಮರುದಿನ ರಾತ್ರಿ ಗುಂಪು ಕಟ್ಟಡಕ್ಕೆ ಬೆಂಕಿ ಇಟ್ಟಿತು. ಬಾಗಿಲು ತೆರೆದು ನಾಲ್ಕೇ ದಿನ ಆಗಿತ್ತು.

ಹೆಣ್ಣುಮಕ್ಕಳ ಹಕ್ಕಿನ ಚಳವಳಿಯೂ ಈ ಹೋರಾಟದಿಂದಲೇ ಬಂತು. 1840ರಲ್ಲಿ ಲಂಡನ್ನಿನ ಗುಲಾಮಗಿರಿ ವಿರೋಧಿ ಸಮಾವೇಶಕ್ಕೆ ಹೋದ ಲುಕ್ರೀಶಿಯಾ ಮಾಟ್‌ಳನ್ನು, ಹೆಂಗಸು ಅಂತ, ಪ್ರತಿನಿಧಿಯಾಗಿ ಕೂರಿಸಲಿಲ್ಲ. ಅಲ್ಲೇ ಎಲಿಜಬೆತ್ ಕ್ಯಾಡಿ ಸ್ಟಾಂಟನ್ ಪರಿಚಯ ಆಯಿತು. ಎಂಟು ವರ್ಷದ ಮೇಲೆ ಇಬ್ಬರೂ ಸೇರಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸಭೆ ಕರೆದರು. 1776ರ ಘೋಷಣೆಯ ಧಾಟಿಯಲ್ಲೇ ಹೊಸ ಘೋಷಣೆ, ಎಲ್ಲ ಗಂಡಸರೂ ಹೆಂಗಸರೂ ಸಮಾನರು ಅಂತ. ಓಟಿನ ಹಕ್ಕು ಕೇಳುವುದಾ ಬೇಡವಾ ಅಂತ ಅಲ್ಲೂ ಕೆಲವರು ಹಿಂಜರಿದರು. ಎದ್ದು ನಿಂತು ಕೇಳಲೇಬೇಕು ಅಂದದ್ದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್.

ಸಿಲಬಸ್‌ನಲ್ಲಿ ಜಾಗ ಇಲ್ಲ, ಒಂದು ಅಂಕದ ಪ್ರಶ್ನೆ ಅಂತೀರಾ? ಹಡಗಿನ ಹೆಸರಿಗೆ, ಪೆಟ್ಟಿಗೆಯ ಲೆಕ್ಕಕ್ಕೆ ಜಾಗ ಇದೆಯಲ್ಲ! ಅದರಲ್ಲೇ ಅರ್ಧ ನಿಮಿಷ ಫೀಲಿಕ್ಸ್‌ಗೆ, ಅರ್ಧ ನಿಮಿಷ ಬೆಟ್‌ಗೆ ಕೊಡಿ. ಈ ಗೋಡೆಯಲ್ಲಿ ಪಾಠ ಮಾಡುವ ಗೆಳೆಯರು ಜಾಸ್ತಿ ಇದ್ದೀರಿ, ಅದಕ್ಕೇ ಇಷ್ಟು ಉದ್ದ ಬರೆದೆ. ಇವತ್ತು ಬೆಳಿಗ್ಗೆ ಆ ವಿಡಿಯೊದ ಕೆಳಗೂ ಬೆಟ್ ಕೇಸಿನ ವಿವರ ಹಾಕಿ, ಮುಂದಿನ ಪಾಠದಲ್ಲಿ ಇದನ್ನು ಸೇರಿಸಿ ಮೇಷ್ಟ್ರೇ ಅಂತ ಕೇಳಿದ್ದೇನೆ.