ನಿಧಾನವೇ ಪ್ರಧಾನ, ಎನ್‌ಕೋಡಿಂಗ್ ಒಂದನ್ನು ಬಿಟ್ಟು

ರಾತ್ರಿ ಎಂಟೂವರೆಯ ಮೇಲೆ ನಾನು ಲಾರಿ ಓಡಿಸುತ್ತೇನೆ. ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟದಲ್ಲಿ, ರಾಟರ್‌ಡ್ಯಾಮ್‌ನಿಂದ ಬರ್ಲಿನ್‌ಗೆ ಸೇಬು ಸಾಗಿಸುತ್ತೇನೆ. ವಯಸ್ಸು ನಲವತ್ತೊಂದು. ಅಮ್ಮ ಇದನ್ನು ಮೊದಲ ಸಲ ನೋಡಿದಾಗ ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟೇ: "ನಿಮ್ಮಪ್ಪ ಲಾರಿ ಓಡಿಸಿ ಸಂಬಳ ತರೋರು. ನೀನು ಸಂಬಳ ಸುರಿದು ಲಾರಿ ಓಡಿಸ್ತಿದೀಯ."

ಇದು ನಾಲ್ಕು ಗೋಡೆಯೊಳಗೆ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಪಿಯುಸಿ ಓದುವ ಅಕ್ಕನ ಮಗ ದಸರಾ ರಜೆಗೆ ಬಂದವನು, "ಮಾಮಾ, ಇದನ್ನ ಲೈವ್ ಹಾಕು. ಕನ್ನಡದಲ್ಲಿ ಮಾತಾಡ್ತಾ ಓಡಿಸು, ನೋಡೋರಿರ್ತಾರೆ" ಅಂದ. ಓಬಿಎಸ್ ಹಾಕಿಕೊಟ್ಟ. ಪರದೆಯ ಮೇಲಿನದನ್ನು ಲೈವ್ ಕಳಿಸುವ ಪುಕ್ಕಟೆ ತಂತ್ರಾಂಶ, ಕಲಿಯೋದು ಸುಲಭ ಅಂತ ಹೇಳಿ ರಜೆ ಮುಗಿಸಿಕೊಂಡು ಊರಿಗೆ ಹೋದ.

ಅವನು ಅತ್ತ ಹೋದ ಮೇಲೆ ಇತ್ತ ಸೆಟ್ಟಿಂಗ್ಸ್ ತೆರೆದೆ. 'ಎನ್‌ಕೋಡರ್' ಅಂತ ಒಂದು ಸಾಲು, ಅಂದರೆ ವೀಡಿಯೊವನ್ನು ಕಳಿಸುವ ಮುಂಚೆ ಕುಗ್ಗಿಸಿಕೊಡುವವನು. ಪ್ರೊಸೆಸರ್‌ನಿಂದ ಕೆಲಸ ಮಾಡಿಸುವ ಎಕ್ಸ್264 ಬೇಕೋ, ಗ್ರಾಫಿಕ್ಸ್ ಕಾರ್ಡ್‌ನಿಂದ ಮಾಡಿಸುವ ಎನ್‌ವೆಂಕ್ ಬೇಕೋ ಅಂತ ಕೇಳಿತು. ನಮ್ಮ ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂದರೆ ದುಬಾರಿ ಅಳಿಯ. ಅದಕ್ಕೆ ಹೆಚ್ಚು ಕೆಲಸ ಹೇಳಬಾರದು ಅಂತ ನಾನೇ ತೀರ್ಮಾನಿಸಿ ಪ್ರೊಸೆಸರ್ ಆರಿಸಿದೆ. ಅದರ ಕೆಳಗೆ ಇನ್ನೊಂದು ಪಟ್ಟಿ: ಅಲ್ಟ್ರಾಫಾಸ್ಟ್, ಸೂಪರ್‌ಫಾಸ್ಟ್, ವೆರಿಫಾಸ್ಟ್ ಅಂತ ಶುರುವಾಗಿ ಮೀಡಿಯಂ, ಸ್ಲೋ, ವೆರಿಸ್ಲೋ ಅಂತ ಇಳಿದು, ತೀರಾ ತಳದಲ್ಲಿ 'ಪ್ಲಸೀಬೊ', ಅಂದರೆ ಔಷಧವೇ ಇಲ್ಲದ ಹುಸಿ ಗುಳಿಗೆ. ಮಾಡಿದವರಿಗೂ ಹಾಸ್ಯಪ್ರಜ್ಞೆ ಇತ್ತು ಅನ್ನೋದಕ್ಕೆ ಆ ಹೆಸರೇ ಸಾಕ್ಷಿ. ಓಬಿಎಸ್ ತಾನಾಗಿ ಇಟ್ಟಿದ್ದದ್ದು ವೆರಿಫಾಸ್ಟ್. ನನಗದು ಹಿಡಿಸಲಿಲ್ಲ. ಅವಸರದಲ್ಲಿ ಮಾಡಿದ ಕೆಲಸ ನೆಟ್ಟಗಿರುತ್ತದೆಯೇ? ನಿಧಾನವೇ ಪ್ರಧಾನ ಅಂತ ಮನಸ್ಸಿನಲ್ಲೇ ಹೇಳಿಕೊಂಡು 'ಸ್ಲೋ' ಒತ್ತಿದೆ.

ಲಾರಿ ಹೊರಟಿತು. ಎರಡನೇ ನಿಮಿಷಕ್ಕೆ ಓಬಿಎಸ್‌ನ ಕೆಳಗಡೆ 'ಎನ್‌ಕೋಡಿಂಗ್ ಓವರ್‌ಲೋಡೆಡ್' ಅಂತ ಬಂತು. ಲಾರಿ ಅಂದಮೇಲೆ ಓವರ್‌ಲೋಡ್ ಸಹಜ ಅಂತ ಸುಮ್ಮನಿದ್ದೆ. ಪ್ರೊಸೆಸರ್ ಫ್ಯಾನು ಏರುದನಿಯಲ್ಲಿ ಕಿರುಚತೊಡಗಿತು. ಅಡುಗೆಮನೆಯಿಂದ ಅಮ್ಮ, "ಆಗ್ಲೇ ಮೂರು ಕೂಗಾಯ್ತು, ಆಫ್ ಮಾಡೋ!" ಎಂದು ಕೂಗಿದರು. ಅಷ್ಟರಲ್ಲಿ ಚಾಟ್‌ನಲ್ಲಿ ಅಕ್ಕನ ಮಗನ ಸಂದೇಶ: "ಮಾಮಾ, ಇದು ಲೈವಾ, ಮದುವೆ ಆಲ್ಬಮ್ಮಾ?"

ಆಮೇಲೆ ಫೋನಿನಲ್ಲಿ ಪಾಠವಾಯಿತು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ. 1080ಪಿ ಎಂದರೆ ಒಂದೊಂದು ಫ್ರೇಮಿನಲ್ಲೂ ಇಪ್ಪತ್ತು ಲಕ್ಷ ಚುಕ್ಕಿಗಳ ಮೇಲೆ. ಇದ್ದದ್ದನ್ನು ಇದ್ದಂತೆ ಕಳಿಸಹೊರಟರೆ ಸೆಕೆಂಡಿಗೆ ಹತ್ತಿರ ಹತ್ತಿರ 1500 ಮೆಗಾಬಿಟ್ ಬೇಕು. ನಾನು ಇಟ್ಟುಕೊಂಡಿದ್ದು 6. ಇಡೀ ಮದುವೆಮನೆ ಸಾಮಾನನ್ನು ಒಂದು ಟಿಫಿನ್ ಕ್ಯಾರಿಯರ್‌ಗೆ ತುಂಬಬೇಕು, ಅದೂ ಪ್ರತಿ ಫ್ರೇಮಿಗೂ 16.67 ಮಿಲಿಸೆಕೆಂಡಿನೊಳಗೆ. ಅದಕ್ಕೆ ಎನ್‌ಕೋಡರ್ ಒಂದು ಉಪಾಯ ಮಾಡುತ್ತದೆ. ಹಿಂದಿನ ಫ್ರೇಮಿನಲ್ಲಿದ್ದ ಚೂರು ಈ ಫ್ರೇಮಿನಲ್ಲಿ ಎಲ್ಲಿಗೆ ಸರಿದಿದೆ ಅಂತ ಹುಡುಕಿ, 'ಅದೇ ಚೂರು, ನಾಲ್ಕು ಚುಕ್ಕಿ ಎಡಕ್ಕೆ' ಎಂದಷ್ಟೇ ಬರೆದು ಕಳಿಸುತ್ತದೆ. 'ಸ್ಲೋ' ಅಂದರೆ ಇನ್ನೂ ಹುಡುಕು, ಮಂಚದ ಕೆಳಗೂ ನೋಡು ಅಂತ. ಹುಡುಕಿದಷ್ಟೂ ಚಿತ್ರ ಚೆನ್ನ, ಸಮಯ ಇದ್ದರೆ.

"ನಿನ್ನ ಪ್ರೊಸೆಸರ್ ಯಾವ್ದು?"

"ಐ3. ನಾಲ್ಕು ಕೋರು."

ಆ ಕಡೆ ತುಂಬ ಹೊತ್ತು ಮಾತಿಲ್ಲ. "ಮಾಮಾ, ಆಟ ಓಡಿಸೋದೂ ಅದೇ ನಾಲ್ಕು ಕೋರು ಕಣೋ."

ಕೋರು ಎಂದರೆ ಪ್ರೊಸೆಸರ್‌ನೊಳಗೆ ದುಡಿಯುವ ಕೈ. ಅರ್ಥವಾಯಿತು. ಒಗ್ಗರಣೆ ಹಾಕುತ್ತಿರುವ ಭಟ್ಟರ ಕೈಗೆ ಸಾರಿನ ಬಕೆಟ್ಟು ಕೊಟ್ಟು, ಹೋಗಿ ಬಡಿಸಿಕೊಂಡು ಬನ್ನಿ, ಬಂದು ಮತ್ತೆ ಒಗ್ಗರಣೆ ನೋಡಿ ಎಂದಿದ್ದೆ. ಒಲೆಯ ಮೇಲಿದ್ದದ್ದೂ ಸೀದಿತು, ಎಲೆಯ ಮುಂದೆ ಕೂತವರಿಗೂ ಬರಲಿಲ್ಲ.

"ಹಾಗಾದ್ರೆ ಕ್ವಿಕ್ ಸಿಂಕ್ ಹಾಕು" ಅಂದ. 2011ರಿಂದೀಚೆಗೆ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಪುಟ್ಟ ಗ್ರಾಫಿಕ್ಸ್ ಭಾಗದಲ್ಲೇ ಎನ್‌ಕೋಡಿಂಗಿಗೆ ಬೇರೆಯದೇ ಮೂಲೆ ಇರುತ್ತದಂತೆ. ಅದಕ್ಕೆ ಕೆಲಸ ಹೇಳಿದರೆ ಭಟ್ಟರೂ ಸುಖಿ, ಅಳಿಯನೂ ಸುಖಿ. ಪಟ್ಟಿಯಲ್ಲಿ ಹುಡುಕಿದೆ. ಇಲ್ಲ. ಮತ್ತೆ ಹುಡುಕಿದೆ, ಮಂಚದ ಕೆಳಗೂ. ಇಲ್ಲ. ಪ್ರೊಸೆಸರ್ ಡಬ್ಬಿಯನ್ನು ಅಟ್ಟದಿಂದ ಇಳಿಸಿ ನೋಡಿದರೆ ಸಂಖ್ಯೆಯ ಕೊನೆಯಲ್ಲಿ ಒಂದು 'ಎಫ್' ಇತ್ತು.

ಆ ಎಫ್ ನನಗೆ ಚೆನ್ನಾಗಿ ನೆನಪಿದೆ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ನಿಂತು, "ಎಫ್ ಇರೋದು, ಇಲ್ಲದ್ದು, ಏನ್ ವ್ಯತ್ಯಾಸ?" ಅಂತ ಕೇಳಿದ್ದೆ. "ಒಳಗೆ ಗ್ರಾಫಿಕ್ಸ್ ಇರಲ್ಲ ಸಾರ್. ನೀವು ಹೇಗೂ ಕಾರ್ಡ್ ತಗೋತಿದೀರಲ್ಲ" ಅಂದಿದ್ದರು. ಅವರು ಹೇಳಿದ್ದು ಅಕ್ಷರಶಃ ಸರಿ. ಸಾವಿರದ ಚಿಲ್ಲರೆ ಉಳಿಯಿತು ಅಂತ ನಾನು ಚೌಕಾಶಿ ಗೆದ್ದವನಂತೆ ಬೀಗಿಕೊಂಡು ಮೈಸೂರಿನ ರೈಲು ಹತ್ತಿದ್ದೆ. ಎಫ್ ಎಂದರೆ ಫೇಲ್ ಅಂತ ಶಾಲೆಯಲ್ಲೇ ಹೇಳಿಕೊಟ್ಟಿದ್ದರು, ಮರೆತಿದ್ದೆ.

ಇನ್ನು ಉಳಿದದ್ದು ದುಬಾರಿ ಅಳಿಯನೊಬ್ಬನೇ. ಸಂಕೋಚದಿಂದಲೇ ಎನ್‌ವೆಂಕ್ ಒತ್ತಿದೆ. ಫ್ಯಾನು ತಣ್ಣಗಾಯಿತು. ಕಾರ್ಡ್‌ನೊಳಗೆ ಎನ್‌ಕೋಡಿಂಗ್‌ಗೆಂದೇ ಒಂದು ಪ್ರತ್ಯೇಕ ಭಾಗವಿದೆ. ಅದಕ್ಕೆ ಬೇರೆ ಕೆಲಸ ಬರುವುದೂ ಇಲ್ಲ, ಆಟದ ಚಿತ್ರ ಬಿಡಿಸುವವರ ತಂಟೆಗೆ ಹೋಗುವುದೂ ಇಲ್ಲ. ಮದುವೆಮನೆಗೆ ಬಡಿಸುವುದಕ್ಕೆಂದೇ ಬಂದ ಆಳು ಅನ್ನಿ. ಇಷ್ಟು ದಿನ ಅವನು ಕೈ ಕಟ್ಟಿಕೊಂಡು ಕಂಬಕ್ಕೊರಗಿ ನಿಂತಿದ್ದ, ನಾನು ಭಟ್ಟರನ್ನು ಓಡಿಸುತ್ತಿದ್ದೆ.

ನನ್ನ ಕಾರ್ಡ್ ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1650, 2019ರಲ್ಲಿ ಬಂದ ಮೊದಮೊದಲ ಬಗೆ. 2018ರಲ್ಲಿ ಬಂದ ಟ್ಯೂರಿಂಗ್ ಎಂಬ ಮನೆತನದ ಕಾರ್ಡ್‌ಗಳಿಗೆ ಹೊಸ, ಸುಧಾರಿಸಿದ ಎನ್‌ಕೋಡರ್ ಸಿಕ್ಕಿತ್ತು. ಮನೆತನ ಅದೇ ಆದರೂ ನನ್ನ 1650ಗೆ ಮಾತ್ರ ಹಿಂದಿನ ತಲೆಮಾರಿನದು. ಅಣ್ಣಂದಿರಿಗೆಲ್ಲ ಹೊಸ ಯೂನಿಫಾರ್ಮ್ ಹೊಲಿಸಿ ಕಿರಿಯವನಿಗೆ ಹಳೆಯದನ್ನೇ ಮೋಟು ಮಾಡಿ ಕೊಡುತ್ತಾರಲ್ಲ, ಹಾಗೆ. ನಾನೂ ಮನೆಯಲ್ಲಿ ಕಿರಿಯವನೇ, ಆದ್ದರಿಂದ ಆ ಕಾರ್ಡಿನ ಮೇಲೆ ಪ್ರೀತಿ ಹೆಚ್ಚಾಯಿತು. ನಿಜ ಹೇಳಬೇಕೆಂದರೆ, ಎಕ್ಸ್264ನ ವೆರಿಫಾಸ್ಟ್‌ಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಜರ್ಮನಿಯಲ್ಲಿ ಮಳೆ ಬಂದು ರಸ್ತೆಬದಿಯ ಮರಗಳೆಲ್ಲ ಅಲ್ಲಾಡತೊಡಗಿದರೆ ಎರಡರಲ್ಲೂ ಅವು ಉಪ್ಪಿಟ್ಟೇ. 6 ಮೆಗಾಬಿಟ್‌ನಲ್ಲಿ ಎಲೆ ಎಲೆಯನ್ನೂ ಕಳಿಸಲು ಯಾರಿಂದಲೂ ಆಗದು. ಒಂದೇ ಕಂಪ್ಯೂಟರಿನಲ್ಲಿ ಆಡುವುದೂ ಲೈವ್ ಕೊಡುವುದೂ ಆದರೆ ಕಣ್ಣುಮುಚ್ಚಿ ಕಾರ್ಡ್‌ನ ಎನ್‌ಕೋಡರ್ ಹಾಕಿಕೊಳ್ಳಿ. ಎಕ್ಸ್264 ಎನ್ನುವುದು ಕೋರುಗಳು ಮಿಕ್ಕಿ ಬಿದ್ದವರಿಗೆ, ಎರಡನೇ ಕಂಪ್ಯೂಟರ್ ಇಟ್ಟವರಿಗೆ. (ಎವಿ1 ಎಂಬ ಹೊಸ ಬಗೆಯಲ್ಲಿ ಎನ್‌ಕೋಡ್ ಮಾಡುವ ಕಾರ್ಡ್‌ಗಳು 2022ರಿಂದ ಬಂದಿವೆ, ಅದೇ ಮೆಗಾಬಿಟ್‌ಗೆ ಇನ್ನೂ ಒಳ್ಳೆಯ ಚಿತ್ರ ಅಂತ ಹುಡುಗ ಆಸೆ ಹುಟ್ಟಿಸಿದ. ನಾನು ಬೆಲೆ ಕೇಳಿದೆ. ಆಮೇಲೆ ಅವನ ಪರೀಕ್ಷೆಯ ಬಗ್ಗೆ ಕೇಳಿದೆ.)

ಆದರೂ ವೀಡಿಯೊ ಮುಗ್ಗರಿಸುತ್ತಲೇ ಇತ್ತು. ಓಬಿಎಸ್‌ನಲ್ಲಿ ಅಂಕಿಅಂಶದ ಒಂದು ಕಿಟಕಿ ಇದೆ, ಅದರಲ್ಲಿ ಮೂರು ಕಾಯಿಲೆಯನ್ನು ಬೇರೆಬೇರೆ ಬರೆದಿರುತ್ತಾರೆ: ದೃಶ್ಯ ಜೋಡಿಸುವಾಗಲೇ ತಪ್ಪಿದ ಫ್ರೇಮು, ಎನ್‌ಕೋಡರ್ ಕೈಸೋತು ಬಿಟ್ಟ ಫ್ರೇಮು, ದಾರಿಯಲ್ಲಿ ನೆಟ್‌ವರ್ಕ್ ಬೀಳಿಸಿದ ಫ್ರೇಮು. ನಾನು ಒಂದು ತಿಂಗಳು ಮೂರಕ್ಕೂ ಒಂದೇ ಕಷಾಯ ಕುಡಿಸಿದೆ: ಎನ್‌ಕೋಡರ್ ಬದಲಿಸುವುದು. ಸೋಮವಾರ ಪ್ರೊಸೆಸರ್, ಮಂಗಳವಾರ ಕಾರ್ಡ್, ಬುಧವಾರ ಮತ್ತೆ ಪ್ರೊಸೆಸರ್. ರಾಟರ್‌ಡ್ಯಾಮ್‌ನ ಸೇಬು ಕೊಳೆಯುತ್ತಿತ್ತು.

ಮೊದಲನೆಯದು ಬಿಡಿಸಿಕೊಂಡಿತು. ಎನ್‌ಕೋಡ್ ಮಾಡುವವನು ಬೇರೆಯಾದರೂ, ಆಟದ ಚಿತ್ರ, ನನ್ನ ಮುಖ, ಚಾಟು ಎಲ್ಲವನ್ನೂ ಒಂದೇ ತಟ್ಟೆಗೆ ಜೋಡಿಸಲು ಓಬಿಎಸ್‌ಗೆ ಕಾರ್ಡ್‌ನಲ್ಲೇ ಒಂಚೂರು ಜಾಗ ಬೇಕು. ನನ್ನ ಆಟ ಕಾರ್ಡ್ ಅನ್ನು 99 ಪರ್ಸೆಂಟ್ ತಿನ್ನುತ್ತಿತ್ತು, ಸೆಕೆಂಡಿಗೆ ತೊಂಬತ್ತು, ನೂರು ಫ್ರೇಮ್ ಬಿಡಿಸುತ್ತ. ನನ್ನ ಮಾನಿಟರ್ ತೋರಿಸುವುದೇ 60! ಆಟಕ್ಕೆ 60ರ ಮಿತಿ ಹಾಕಿದೆ, ಓಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ. ಆ ಕಾಯಿಲೆ ಅಂದೇ ವಾಸಿಯಾಯಿತು.

ಮೂರನೆಯದಕ್ಕೆ ಪ್ರೊಸೆಸರೂ ಕಾರಣವಲ್ಲ, ಕಾರ್ಡೂ ಅಲ್ಲ. ರಾತ್ರಿ ಹೊತ್ತು ಅಮ್ಮ ಟೀವಿಯಲ್ಲಿ ಇಂಟರ್‌ನೆಟ್ ಮೂಲಕವೇ ಧಾರಾವಾಹಿ ನೋಡುತ್ತಾರೆ, ಹೆಂಡತಿ ಆಫೀಸಿನ ಮೀಟಿಂಗಿನಲ್ಲಿರುತ್ತಾಳೆ. ಅವಳಿಗೆ ಏನಾದರೂ ಹೇಳೋಣವೆಂದು ಹೋದೆ. "ನಿಮ್ಮ ಲೈವ್ ನೋಡೋರು ಎಷ್ಟು ಜನ?" ಅಂತ ಕೇಳಿದಳು. ನಾಲ್ಕು ಅಂದೆ. "ಯಾರ್ಯಾರು?" ಎಣಿಸಿದೆವು. ಅಕ್ಕನ ಮಗ, ಅವನ ಇಬ್ಬರು ಸ್ನೇಹಿತರು, ಮತ್ತು ಚಿತ್ರ ಸರಿಯಾಗಿ ಬರುತ್ತಿದೆಯೋ ಅಂತ ನೋಡಲು ನಾನೇ ಮೇಜಿನ ಮೇಲೆ ತೆರೆದಿಟ್ಟ ನನ್ನ ಫೋನು. ಅದೂ ಅದೇ ವೈಫೈನಲ್ಲಿ.

ಇನ್ನು ಫೋನ್ ಮುಟ್ಟುವುದಿಲ್ಲ ಅಂತ ಆಣೆ ಮಾಡಿದೆ. ಶನಿವಾರ ಅಮ್ಮ ಮದುವೆಗೆ ಹೋಗಿದ್ದರು, ಹೆಂಡತಿಗೆ ರಜೆ. ರೂಟರ್‌ನಿಂದ ನೇರ ತಂತಿ ಎಳೆದೆ. ಕಾರ್ಡ್‌ನ ಎನ್‌ಕೋಡರ್, ಅದೇ 6 ಮೆಗಾಬಿಟ್, ಆಟಕ್ಕೆ 60ರ ಲಗಾಮು. ಫೋನು ಬೀರುವಿನೊಳಗೆ. ಬಟನ್ ಒತ್ತಿ ಹೊರಟವನು ಎರಡು ಗಂಟೆ ನಲವತ್ತು ನಿಮಿಷ ನಿಲ್ಲಿಸದೆ ಓಡಿಸಿದೆ. ಅಪ್ಪ ಶಿರಾಡಿ ಘಾಟಿಯಲ್ಲಿ ರಾತ್ರಿ ಲಾರಿ ಕೆಟ್ಟು ನಿಂತ ಕಥೆ ಹೇಳಿದೆ. ಡ್ರಾಪ್ ಆದ ಫ್ರೇಮು ಸೊನ್ನೆ. ಚಾಟ್‌ನಲ್ಲಿ ಒಂದೂ ಮಾತಿಲ್ಲ, ಕಥೆಯಲ್ಲಿ ಮುಳುಗಿದ್ದಾರೆ ಅಂದುಕೊಂಡೆ.

ಹನ್ನೊಂದೂಕಾಲಿಗೆ ಬೀರು ತೆಗೆದರೆ ಆರು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಮಾಮಾ, ಇವತ್ತು ಲೈವ್ ಇಲ್ವಾ?"

ಓಬಿಎಸ್ ಕಡೆ ತಿರುಗಿ ನೋಡಿದೆ. 'ಸ್ಟಾರ್ಟ್ ಸ್ಟ್ರೀಮಿಂಗ್' ಅನ್ನುವ ಬಟನ್ ಹಾಗೇ ಇತ್ತು. ನಾನು ಒತ್ತಿದ್ದು ಅದರ ಕೆಳಗಿನ 'ಸ್ಟಾರ್ಟ್ ರೆಕಾರ್ಡಿಂಗ್'. ಡಿ ಡ್ರೈವ್‌ನಲ್ಲಿ ಏಳು ಜಿಬಿ ಮೀರಿದ ಒಂದು ಫೈಲ್ ಕೂತಿತ್ತು.

"ಆದ್ರೂ ಒಂದೇ ಒಂದು ಫ್ರೇಮೂ ಬಿದ್ದಿಲ್ಲ ಕಣೋ" ಅಂದೆ.

"ಮನೆಯಿಂದ ಆಚೆಗೇ ಹೋಗ್ಲಿಲ್ವಲ್ಲ ಮಾಮಾ," ಅಂದ, "ಬೀಳೋದಾದ್ರೂ ಎಲ್ಲಿ?"