ಥೇಮ್ಸ್ ದಡದ ಪೈಪಿನ ಚೂರು ಮತ್ತು ಚಕಮಕಿ ಕಲ್ಲು
ಲಂಡನ್ನಿನ ಥೇಮ್ಸ್ ದಡದಲ್ಲಿ ನೀರಿನ ಇಳಿತದ ವೇಳೆ ಸಿಗುವ, ಹಿಂದೆ ಹೊಗೆಸೊಪ್ಪು ಸೇದಲು ಬಳಸುತ್ತಿದ್ದ ಜೇಡಿಮಣ್ಣಿನ ಪೈಪುಗಳ ಬಗೆಗಿನ ಲೇಖನವೊಂದನ್ನು ಓದಿದೆ; ಅದು ಸೊಗಸಾಗಿದೆ. ಆದರೆ ಪೈಪಿನ ಕೊಳವೆಯ ರಂಧ್ರವನ್ನು ಅಳೆದರೆ ಯಾವುದೇ ಚೂರಿನ ವಯಸ್ಸು ತಿಳಿಯುತ್ತದೆ ಎಂಬ ಅದರ ಮಾತನ್ನು ಒಪ್ಪುವುದು ಕಷ್ಟ. 17ನೆಯ ಶತಮಾನದ ಆರಂಭದಲ್ಲಿ ಸುಮಾರು ಮೂರೂವರೆ ಮಿಲಿಮೀಟರ್ ಇದ್ದ ರಂಧ್ರವು ಮುಂದಿನ ಶತಮಾನದ ಕೊನೆಯ ಹೊತ್ತಿಗೆ ಅದರ ಅರ್ಧದಷ್ಟಕ್ಕೆ ಇಳಿದದ್ದು ನಿಜ, 1954ರಲ್ಲಿ ಅಮೆರಿಕದ ಪುರಾತತ್ತ್ವಜ್ಞ ಹ್ಯಾರಿಂಗ್ಟನ್ ಅದನ್ನು ತೋರಿಸಿಕೊಟ್ಟದ್ದೂ ನಿಜ. ಆದರೆ ಅದು ಒಂದೇ ಕಡೆ ಸಿಕ್ಕ ನೂರಾರು ಚೂರುಗಳ ಸರಾಸರಿಗೆ ಹೊಂದುವ ಲೆಕ್ಕವೇ ಹೊರತು, ಅಲೆಗಳು ಎಲ್ಲವನ್ನೂ ಕಲಸಿಹಾಕಿರುವ ದಡದಲ್ಲಿ ಹೆಕ್ಕಿದ ಒಂಟಿ ತುಂಡಿಗಲ್ಲ. ಹೊಗೆಸೊಪ್ಪು ದುಬಾರಿಯಾಗಿದ್ದ ಕಾಲದಲ್ಲಿ ಸೊಪ್ಪು ತುಂಬುವ ಪೈಪಿನ ಬಟ್ಟಲು ಬೆರಳ ತುದಿಯಷ್ಟೇ ಚಿಕ್ಕದು, ಸೊಪ್ಪು ಅಗ್ಗವಾದಂತೆ ಅದು ದೊಡ್ಡದಾಯಿತು. ಆದ್ದರಿಂದ ಬಟ್ಟಲಿನ ಆಕಾರ ಮತ್ತು ಅದರ ಬುಡದಲ್ಲಿರುವ ತಯಾರಕನ ಅಕ್ಷರಗಳೇ ಹೆಚ್ಚು ನಂಬತಕ್ಕ ಸಾಕ್ಷಿ.

ಅದೇ ದಡದಲ್ಲಿ ಸಿಗುವ, ಹಳೆಯ ಬಂದೂಕುಗಳಲ್ಲಿ ಕಿಡಿ ಹೊತ್ತಿಸುತ್ತಿದ್ದ ಚಕಮಕಿ ಕಲ್ಲಿನ ವಿಷಯವೂ ಹೀಗೆಯೇ. ಜೇನುಬಣ್ಣದ್ದು ಫ್ರಾನ್ಸಿನದು, ಕಪ್ಪು ಬಣ್ಣದ್ದು ಇಂಗ್ಲೆಂಡಿನ ಸಫೋಕ್‌ನ ಬ್ರಾಂಡನ್ನಿನದು ಎಂಬುದು ಒಳ್ಳೆಯ ಊಹೆ, ಅಷ್ಟೇ.

ಲೇಖಕರು ಬಿಟ್ಟಿರುವ ಇನ್ನೊಂದು ಸಂಗತಿಯೆಂದರೆ, ಲಂಡನ್ ಬಂದರನ್ನು ನೋಡಿಕೊಳ್ಳುವ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿಯಿಲ್ಲದೆ ಆ ದಡದಲ್ಲಿ ಹುಡುಕುವಂತೆಯೇ ಇಲ್ಲ; ಬರಿಗಣ್ಣಿನಿಂದ ನೋಡಿ ಹೆಕ್ಕುವವರಿಗೂ ಈ ನಿಯಮ ಅನ್ವಯಿಸುತ್ತದೆ.